ಹಾಯಿ ಕುಗ್ಗಿಸುವ ಹಗ್ಗದ ಲೆಕ್ಕ

ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕಿದ ಮೇಲೆ ಮೇಕೆದಾಟಿನ ಕೊರಕಲನ್ನು ಹಾದು, ಹನೂರು ತಾಲ್ಲೂಕಿನ ಕಾಡಂಚು ಹಿಡಿದು ಹೊಗೇನಕಲ್ ಮುಟ್ಟುವವರೆಗಿನ ಕಾವೇರಿಯು ಹಾಯಿಗೆ ಒಗ್ಗುವ ನದಿಯಲ್ಲ. ಬಂಡೆಗಳ ಸಂದಿನಲ್ಲಿ ನುಸುಳುವ ಹರಿವು, ಮಾರು ದೂರಕ್ಕೊಮ್ಮೆ ದಿಕ್ಕು ಬದಲಿಸುವ ಸೆಳೆತ, ಎರಡೂ ದಡದ ಬೆಟ್ಟಗಳು ತಡೆದು ತಿರುಗಿಸುವ ಗಾಳಿ, ಇವುಗಳ ನಡುವೆ ಕೆಲಸಕ್ಕೆ ಬರುವುದು ಬಿದಿರಿನ ಹೆಣಿಗೆಗೆ ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೋ ಫೈಬರನ್ನೋ ಹೊದಿಸಿದ ದುಂಡು ತೆಪ್ಪ ಮತ್ತು ಅಂಬಿಗನ ಕೈಯಲ್ಲಿರುವ ಒಂದೇ ಹುಟ್ಟು. ಆ ತೆಪ್ಪದಲ್ಲಿ ಹೆಚ್ಚು ಮಾಡುವುದಕ್ಕಾಗಲಿ ಕಡಿಮೆ ಮಾಡುವುದಕ್ಕಾಗಲಿ ಏನೂ ಇಲ್ಲ. ಆದ್ದರಿಂದಲೇ ಹೊಗೇನಕಲ್ಲಿನಲ್ಲಿ ಒಳಹರಿವು ಏರಿದ ಕೂಡಲೇ ತೆಪ್ಪಗಳನ್ನು ನೀರಿಗಿಳಿಸದಂತೆ ಆಡಳಿತವು ತಡೆಯುವುದು ಮಳೆಗಾಲದ ರೂಢಿಯಾಗಿದೆ. ಹೋಗಬೇಕೇ ಬೇಡವೇ ಎಂಬ ತೀರ್ಮಾನ ದಡದಲ್ಲೇ, ಅಂಬಿಗನ ಧೈರ್ಯವನ್ನು ಕೇಳದೆಯೇ ಮುಗಿದಿರುತ್ತದೆ.

ಹಾಯಿದೋಣಿಯ ಸ್ಥಿತಿ ಇದಕ್ಕಿಂತ ಬೇರೆ. ಅದನ್ನು ಓಡಿಸುವ ಬಲವನ್ನು ನಡುನೀರಿನಲ್ಲಿಯೇ ತಗ್ಗಿಸಬಹುದು. ಗಾಳಿ ಹೆಚ್ಚಿದಾಗ ಹಾಯಿಯ ಕೆಳಭಾಗದ ಒಂದು ಪಟ್ಟಿಯನ್ನು ಮಡಿಸಿ ಕಟ್ಟಿ, ಉಳಿದ ಸಣ್ಣ ಹಾಯಿಯಲ್ಲಿ ಸಾಗುವ ಈ ಕ್ರಮಕ್ಕೆ ರೀಫ್ ಹಾಕುವುದು ಎನ್ನುತ್ತಾರೆ. ತಗ್ಗಿಸಲು ಸಾಧ್ಯವಿದೆ ಎಂಬ ಕಾರಣಕ್ಕೇ ತೀರ್ಮಾನದ ಹೊರೆ ದಡದಿಂದ ದೋಣಿಗೆ, ಆಡಳಿತದಿಂದ ಚುಕ್ಕಾಣಿ ಹಿಡಿದವನಿಗೆ ವರ್ಗವಾಗುತ್ತದೆ. ಹೊರೆ ಹೊತ್ತವನು ಇನ್ನಷ್ಟು ನೋಡೋಣ ಎಂದು ಮುಂದೂಡುತ್ತಾನೆ. ಹಾಯಿದೋಣಿಯ ಪಾಠಗಳಲ್ಲಿ ಈ ಮುಂದೂಡಿಕೆಯನ್ನು ಸಾಮಾನ್ಯವಾಗಿ ಸ್ವಭಾವದ ದೋಷವೆಂದು, ಅತಿಯಾದ ಆತ್ಮವಿಶ್ವಾಸವೆಂದು ವಿವರಿಸಲಾಗುತ್ತದೆ. ಆ ವಿವರಣೆ ಅರೆಬರೆಯದು. ರೀಫ್ ಹಾಕುವ ಕೆಲಸ ಕಷ್ಟವಾಗಿರುವ ದೋಣಿಯಲ್ಲಿ ವಿವೇಕಿಯೂ ಮುಂದೂಡುತ್ತಾನೆ, ಸುಲಭವಾಗಿರುವ ದೋಣಿಯಲ್ಲಿ ಅವಿವೇಕಿಯೂ ಸಕಾಲಕ್ಕೆ ಹಾಕುತ್ತಾನೆ. ಆದ್ದರಿಂದ ಸಣ್ಣ ಹಾಯಿದೋಣಿಯ ಸುರಕ್ಷತೆಯನ್ನು ಮೊದಲು ಹುಡುಕಬೇಕಾದದ್ದು ನಾವಿಕನ ಗುಣದಲ್ಲಲ್ಲ, ಹಗ್ಗಗಳು ಹಾದುಹೋಗುವ ದಾರಿಯಲ್ಲಿ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಓದುಗರಿಗೆ ಈ ಚರ್ಚೆ ದೂರದ್ದೆನಿಸಬಹುದು. ಆದರೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು, ಮಂಗಳೂರಿನ ಕರಾವಳಿಯೂ ಅದೇ ಮದ್ರಾಸಿನ ಆಳ್ವಿಕೆಯಲ್ಲಿತ್ತು. ಪೂರ್ಣಯ್ಯನವರ ವಂಶದ ಜಹಗೀರಾಗಿದ್ದ ಯಳಂದೂರು ಮಾತ್ರ ಮೈಸೂರಿನ ಕಡೆಗಿತ್ತು. ಮದ್ರಾಸಿನ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣದ ನದಿಗಳ ತೆಪ್ಪಗಳನ್ನೂ ಕರಾವಳಿಯ ಹಾಯಿನೌಕೆಗಳನ್ನೂ ಒಂದೇ ಶ್ರದ್ಧೆಯಿಂದ ಅಭ್ಯಾಸ ಮಾಡಿ ಬರೆದದ್ದಕ್ಕೆ ಈ ಆಡಳಿತದ ವ್ಯಾಪ್ತಿಯೂ ಒಂದು ಕಾರಣವಿರಬೇಕು. ಆ ಕರಾವಳಿಯ ಮಂಜಿ, ಪತ್ತೆಮಾರಿಗಳಲ್ಲಿ ಉದ್ದನೆಯ ಓರೆಮರಕ್ಕೆ ಕಟ್ಟಿದ ಭಾರಿ ಹಾಯಿ ಇರುತ್ತಿತ್ತು. ಗಾಳಿ ಬಲವಾದರೆ ಅದನ್ನು ಮಡಿಸುವ ಬದಲು ಓರೆಮರವನ್ನೇ ಇಳಿಸಿ, ದೊಡ್ಡ ಹಾಯಿ ಬಿಚ್ಚಿ ಸಣ್ಣದನ್ನು ಕಟ್ಟಿ ಮತ್ತೆ ಏರಿಸುವುದು ಅರಬ್ಬೀ ಸಮುದ್ರದ ಇಂಥ ನೌಕೆಗಳ ವಾಡಿಕೆಯಾಗಿತ್ತು. ಅದಕ್ಕೆ ಹತ್ತಾರು ಕೈಗಳು ಬೇಕು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ, ಹಾಯಿಯ ಮೇಲೆ ಗಂಡಭೇರುಂಡವನ್ನು ಹೊತ್ತ, ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ ನೌಕೆಯೂ ತಂಡವೊಂದರ ತೋಳ್ಬಲವನ್ನು ನಂಬಿಯೇ ಸಾಗುವಂಥದ್ದು. ಒಬ್ಬರೋ ಇಬ್ಬರೋ ಕೂರುವ ಸಣ್ಣ ದೋಣಿಗೆ ಆ ಉಪಾಯ ಒದಗುವುದಿಲ್ಲ. ಅಲ್ಲಿ ಒಂದು ಕೈ ಚುಕ್ಕಾಣಿಗೆ ಮೀಸಲು, ಉಳಿದ ಒಂದು ಕೈಯಲ್ಲೇ ಹಾಯಿಯನ್ನು ಕುಗ್ಗಿಸಬೇಕು. ಅಂಥ ದೋಣಿಗಳು ಈಗ ಕಾವೇರಿ ಕಣಿವೆಗೂ ಬಂದಿವೆ. ಕನ್ನಂಬಾಡಿಯ ಹಿನ್ನೀರಿನಲ್ಲಿ ಹಾಯಿದೋಣಿ ಕ್ರೀಡೆ ನಡೆಯುತ್ತದೆ, ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ಆಶ್ರಯದಲ್ಲಿ ತರಬೇತಿಯಿದೆ. ಗುಂಡಾಲ್, ಉಡುತೊರೆಹಳ್ಳದಂಥ ಬೆಟ್ಟದ ತಪ್ಪಲಿನ ಜಲಾಶಯಗಳಿಗೆ ಜಲಕ್ರೀಡೆ ಎಂದಾದರೂ ಬರುವುದಾದರೆ, ಬರುವ ಮೊದಲೇ ಅದರ ನಿಯಮಗಳನ್ನು ಯೋಚಿಸುವುದು ಲೇಸು.

ಹಾಯಿ ಕುಗ್ಗಿಸುವುದು ಏಕೆ ಅಷ್ಟು ದೊಡ್ಡ ಮಾತು ಎಂಬುದನ್ನು ಲೆಕ್ಕವೇ ಹೇಳುತ್ತದೆ. ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 15 ಕಿ.ಮೀ. ಇದ್ದ ಗಾಳಿ 30 ಕಿ.ಮೀ. ಆದರೆ ಹಾಯಿಯ ಮೇಲಿನ ಬಲ ಎರಡು ಪಟ್ಟಾಗದೆ ನಾಲ್ಕು ಪಟ್ಟಾಗುತ್ತದೆ. ಕಂಬಕ್ಕೆ ಅಂಟಿರುವ ಮುಂಅಂಚು 6 ಮೀಟರ್, ತಳದ ಅಂಚು 2.5 ಮೀಟರ್ ಇರುವ ತ್ರಿಕೋನಾಕಾರದ ದೊಡ್ಡ ಹಾಯಿಯೊಂದನ್ನು ಊಹಿಸಿಕೊಂಡರೆ ಅದರ ವಿಸ್ತೀರ್ಣ 7.5 ಚದರ ಮೀಟರ್ ಆಗುತ್ತದೆ. ಕೆಳಗಿನಿಂದ 90 ಸೆಂಟಿಮೀಟರ್ ಎತ್ತರದ ಪಟ್ಟಿಯನ್ನು ಮಡಿಸಿದರೆ, ಎತ್ತರದಲ್ಲಿ ಹೋಗುವುದು ನೂರಕ್ಕೆ 15 ಮಾತ್ರವಾದರೂ, ಪಟ್ಟಿಯು ಹಾಯಿಯ ಅಗಲವಾದ ಭಾಗದಲ್ಲಿರುವುದರಿಂದ ಉಳಿಯುವ ವಿಸ್ತೀರ್ಣ 5.4 ಚದರ ಮೀಟರ್‌ಗೆ ಇಳಿಯುತ್ತದೆ. ಲಾಭ ಇಷ್ಟಕ್ಕೇ ನಿಲ್ಲುವುದಿಲ್ಲ. ದೋಣಿಯನ್ನು ಮಗುಚಲು ನೋಡುವುದು ಬಲ ಮಾತ್ರವಲ್ಲ, ಆ ಬಲ ಎಷ್ಟು ಎತ್ತರದಲ್ಲಿ ತಾಗುತ್ತದೆ ಎಂಬುದೂ ಹೌದು. ತ್ರಿಕೋನದ ಭಾರಕೇಂದ್ರ ತಳದಿಂದ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿರುವುದರಿಂದ, ಮಡಿಸುವ ಮೊದಲು 2 ಮೀಟರ್ ಎತ್ತರದಲ್ಲಿದ್ದದ್ದು ಮಡಿಸಿದ ಮೇಲೆ 1.7 ಮೀಟರ್‌ಗೆ ಬರುತ್ತದೆ. ನೀರಿನೊಳಗೆ ಇಳಿಬಿಟ್ಟ ಹಲಗೆಯ ನಡುಭಾಗವು ಹಾಯಿಯ ತಳದಿಂದ ಒಂದೂವರೆ ಮೀಟರ್ ಕೆಳಗಿದೆ ಎಂದಿಟ್ಟುಕೊಂಡು ಅಲ್ಲಿಂದ ಅಳೆದರೆ, ಮಗುಚುವ ಪ್ರಯತ್ನ ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ನಿಲುಭಾರವಿಲ್ಲದ, ಕುಳಿತವರ ಮೈತೂಕವನ್ನೇ ನೆಚ್ಚಿದ ದೋಣಿಯಲ್ಲಿ ಮಗುಚುವುದಕ್ಕೂ ನೆಟ್ಟಗಿರುವುದಕ್ಕೂ ನಡುವಣ ಅಂತರ ಹಲವು ಬಾರಿ ಇದಕ್ಕಿಂತ ಕಡಿಮೆಯಿರುತ್ತದೆ.

ಇನ್ನು ಕೆಲಸದ ಕ್ರಮ. ಹಾಯಿಯ ತಳವನ್ನು ಹಿಡಿದಿರುವ, ಕಂಬದಿಂದ ಹಿಂದಕ್ಕೆ ಚಾಚಿದ ಅಡ್ಡಮರಕ್ಕೆ ಬೂಮ್ ಎನ್ನುತ್ತಾರೆ; ಬೂಮನ್ನು ಒಳಗೆಳೆದು ಹೊರಬಿಡುವ ಹಗ್ಗ ಶೀಟ್, ಹಾಯಿಯನ್ನು ಕಂಬದ ತುದಿಗೆ ಏರಿಸುವ ಹಗ್ಗ ಹ್ಯಾಲಿಯಾರ್ಡ್. ರೀಫ್ ಹಾಕಬಲ್ಲ ಹಾಯಿಯಲ್ಲಿ ತಳದಿಂದ ಒಂದು ನಿಶ್ಚಿತ ಎತ್ತರದಲ್ಲಿ, ಮುಂಅಂಚಿನಲ್ಲೊಂದು ಮತ್ತು ಹಿಂಅಂಚಿನಲ್ಲೊಂದು, ಲೋಹದ ಬಳೆ ಕೂರಿಸಿದ ಗಟ್ಟಿ ಕಣ್ಣುಗಳಿರುತ್ತವೆ, ಅವೆರಡರ ನಡುವೆ ಸಾಲಾಗಿ ಸಣ್ಣ ಕಣ್ಣುಗಳೂ ಇರುತ್ತವೆ. ಮೊದಲು ಶೀಟನ್ನು ಸಡಿಲಿಸಿ ಹಾಯಿಯಿಂದ ಗಾಳಿಯನ್ನು ಹೊರಚೆಲ್ಲಬೇಕು. ಬೂಮನ್ನು ಕೆಳಕ್ಕೆ ಜಗ್ಗಿ ಹಿಡಿಯುವ ಕಿಕರ್ ಎಂಬ ಹಗ್ಗವನ್ನೂ ಬಿಡಬೇಕು, ಇಲ್ಲವಾದರೆ ಮುಂದಿನ ಎಳೆತವೆಲ್ಲ ಅದರೊಡನೆ ಗುದ್ದಾಟವಾಗುತ್ತದೆ. ಬಳಿಕ ಹ್ಯಾಲಿಯಾರ್ಡನ್ನು ಮುಂಅಂಚಿನ ಕಣ್ಣು ಬೂಮಿನ ಮಟ್ಟಕ್ಕೆ ಬರುವಷ್ಟೇ ಇಳಿಸಿ, ಆ ಕಣ್ಣನ್ನು ಕಂಬದ ಬಳಿಯ ಕೊಕ್ಕೆಗೆ ಸಿಕ್ಕಿಸಿ, ಹ್ಯಾಲಿಯಾರ್ಡನ್ನು ಮತ್ತೆ ಬಿಗಿಯಾಗುವವರೆಗೆ ಎಳೆಯಬೇಕು. ಕೊನೆಯಲ್ಲಿ ಹಿಂಅಂಚಿನ ಕಣ್ಣಿನ ಮೂಲಕ ಹಾದಿರುವ ರೀಫ್ ಹಗ್ಗವನ್ನು ಜಗ್ಗಿ, ಆ ಕಣ್ಣನ್ನು ಬೂಮಿಗೆ ತಾಗುವಂತೆ ಕೂರಿಸಿ, ಕಿಕರನ್ನೂ ಶೀಟನ್ನೂ ಪುನಃ ಎಳೆದರೆ ದೋಣಿ ಹೊರಡುತ್ತದೆ. ಹ್ಯಾಲಿಯಾರ್ಡ್ ಸಡಿಲವಾದಾಗ ಬೂಮಿನ ಹಿಂತುದಿ ಕುಳಿತವರ ತಲೆಯ ಮೇಲೆ ಬೀಳದಂತೆ ಕಂಬದ ತುದಿಯಿಂದ ಅದನ್ನು ತೂಗಿ ಹಿಡಿಯುವ ಇನ್ನೊಂದು ಹಗ್ಗ ಬೇಕು; ಅದಕ್ಕೆ ಟಾಪಿಂಗ್ ಲಿಫ್ಟ್ ಎಂದು ಹೆಸರು. ಅಗ್ಗದ ದೋಣಿಗಳಲ್ಲಿ ಮೊದಲು ಕೈಬಿಡುವ ಹಗ್ಗವೂ ಇದೇ ಎಂಬುದು ವಿಷಾದದ ಸಂಗತಿ.

ಈ ಕ್ರಮದಲ್ಲಿ ಎರಡು ಸೂಕ್ಷ್ಮಗಳು ಹೆಚ್ಚಿನ ಗಮನಕ್ಕೆ ಯೋಗ್ಯವಾಗಿವೆ. ರೀಫ್ ಹಾಕಿದ ಮೇಲೆ ಹಿಂಅಂಚಿನ ಕಣ್ಣೇ ಹಾಯಿಯ ಹೊಸ ಮೂಲೆಯಾಗುವುದರಿಂದ, ಅದನ್ನು ಕೆಳಕ್ಕೆ ಎಳೆದರಷ್ಟೇ ಸಾಲದು, ಹಿಂದಕ್ಕೂ ಎಳೆಯಬೇಕು. ಹಿಂದಕ್ಕೆ ಎಳೆಯದಿದ್ದರೆ ಹಾಯಿಯು ಜೋಳಿಗೆಯಂತೆ ಉಬ್ಬಿ, ಯಾವ ಗಾಳಿಗೆ ಚಪ್ಪಟೆಯಾಗಿರಬೇಕೋ ಆ ಗಾಳಿಯಲ್ಲೇ ಹೆಚ್ಚು ಬಲವನ್ನು ತುಂಬಿಕೊಳ್ಳುತ್ತದೆ. ಆದ್ದರಿಂದ ಬೂಮಿನ ಮೇಲೆ ಆ ಹಗ್ಗದ ನೆಲೆಯನ್ನು ಕಣ್ಣಿನ ನೇರ ಕೆಳಗೆ ಇಡದೆ, ತುಸು ಹಿಂದೆ, ಹಗ್ಗ ಓರೆಯಾಗಿ ಜಗ್ಗುವಂಥ ಜಾಗದಲ್ಲಿ ಇಡಬೇಕು. ನಡುಸಾಲಿನ ಸಣ್ಣ ಕಣ್ಣುಗಳಲ್ಲಿ ಕಟ್ಟುವ ದಾರಗಳ ವಿಷಯ ಎರಡನೆಯದು. ಅವು ಮಡಿಸಿದ ಬಟ್ಟೆಯನ್ನು ಒಪ್ಪ ಮಾಡುವುದಕ್ಕಿರುವಂಥವೇ ಹೊರತು ಭಾರ ಹೊರುವಂಥವಲ್ಲ; ಹಿಂಅಂಚಿನ ರೀಫ್ ಹಗ್ಗ ಸಡಿಲವಿರುವಾಗ ಅವನ್ನು ಬಿಗಿದು ಕಟ್ಟಿದರೆ ಇಡೀ ಹಾಯಿಯ ಜಗ್ಗಾಟ ಆ ಸಣ್ಣ ಕಣ್ಣುಗಳ ಮೇಲೆ ಬಿದ್ದು ಬಟ್ಟೆ ಹರಿಯುತ್ತದೆ. ರೀಫ್ ಬಿಚ್ಚುವಾಗಲೂ ಇವನ್ನೇ ಮೊದಲು ಬಿಚ್ಚಬೇಕು. ಒಂದನ್ನು ಮರೆತು ಹ್ಯಾಲಿಯಾರ್ಡ್ ಎಳೆದರೆ ಹರಿಯುವುದು ಅದೇ ಜಾಗದಲ್ಲಿ.

ಈಗ ವಿವಾದದ ಭಾಗಕ್ಕೆ ಬರಬಹುದು. ಮುಂಅಂಚನ್ನೂ ಹಿಂಅಂಚನ್ನೂ ಎರಡು ಬೇರೆ ಹಗ್ಗಗಳಿಂದ ಇಳಿಸಬೇಕೋ, ಒಂದೇ ಉದ್ದನೆಯ ಹಗ್ಗವನ್ನು ಎರಡೂ ಕಣ್ಣುಗಳ ಮೂಲಕ ಹಾಯಿಸಿ ಕುಳಿತಲ್ಲಿಂದಲೇ ಎಳೆಯಬೇಕೋ ಎಂಬ ಪ್ರಶ್ನೆ ಸಣ್ಣ ದೋಣಿಗಳ ಲೋಕದಲ್ಲಿ ಬಹುಕಾಲದಿಂದ ಇದೆ. ಒಂದೇ ಹಗ್ಗದ ಪಕ್ಷದವರ ವಾದ ಆಕರ್ಷಕವಾಗಿದೆ: ಒಂದು ಹಗ್ಗ, ಒಂದು ಎಳೆತ, ಏಳಬೇಕಾಗಿಲ್ಲ. ಆದರೆ ಒಂದೇ ಎಳೆತದಿಂದ ಎರಡು ತುದಿಗಳನ್ನು ಚಲಿಸುವಂತೆ ಮಾಡುವುದು ಎಷ್ಟು ನಾಜೂಕಿನ ಕೆಲಸ ಎಂಬುದು ಕೊಯಮತ್ತೂರು ಸೀಮೆಯಿಂದ ಮೈಸೂರು ಸೀಮೆಯವರೆಗೆ ಪಂಪ್‌ಸೆಟ್ಟಿಗೆ ಮುಂಚೆ ಹೊಲಗಳಿಗೆ ನೀರುಣಿಸಿದ ಕಪಿಲೆಯನ್ನು ಬಲ್ಲವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಪಿಲೆಯಲ್ಲಿ ಒಂದೇ ಜೋಡಿ ಎತ್ತು ಇಳಿಜಾರಿನಲ್ಲಿ ನಡೆದರೂ ಬಾವಿಗೆ ಇಳಿಯುವ ಹಗ್ಗಗಳು ಎರಡು: ಮೇಲಿನ ರಾಟೆಯ ಮೇಲೆ ಹಾಯುವ ದಪ್ಪ ಹಗ್ಗವು ನೀರು ತುಂಬಿದ ಬಾನಿಯನ್ನು ಎತ್ತಿದರೆ, ಬಾವಿಯ ಅಂಚಿನಲ್ಲಿರುವ ಕೆಳಗಿನ ಉರುಳೆಯ ಮೇಲೆ ಹಾಯುವ ಸಣ್ಣ ಹಗ್ಗವು ಬಾನಿಗೆ ಹೊಂದಿಸಿದ ಚರ್ಮದ ಸೊಂಡಿಲಿನ ಬಾಯನ್ನು ಮೇಲೆ ಮಡಿಸಿ ಹಿಡಿದಿರುತ್ತದೆ. ಬಾನಿಯು ಬಾವಿಯ ಬಾಯಿಗೆ ಬಂದ ಕ್ಷಣದಲ್ಲಿ ಸೊಂಡಿಲು ತಾನಾಗಿ ಚಾಚಿಕೊಂಡು ನೀರು ತೊಟ್ಟಿಗೆ ಸುರಿಯಬೇಕಾದರೆ ಎರಡೂ ಹಗ್ಗಗಳ ಉದ್ದ ಒಂದಕ್ಕೊಂದು ಹೊಂದಿರಲೇಬೇಕು. ಸಣ್ಣ ಹಗ್ಗ ಉದ್ದವಾದರೆ ನೀರು ನಡುದಾರಿಯಲ್ಲೇ ಬಾವಿಗೆ ಚೆಲ್ಲುತ್ತದೆ, ಗಿಡ್ಡವಾದರೆ ಬಾನಿ ಮೇಲೆ ಬರುವ ಮೊದಲೇ ಸೊಂಡಿಲು ಬಿಗಿದುಕೊಳ್ಳುತ್ತದೆ. ಕಪಿಲೆ ಕಟ್ಟಿದವರು ಒಂದೇ ಹಗ್ಗವನ್ನು ಎರಡೂ ಕಡೆಗೆ ಹಾಯಿಸುವ ಗೋಜಿಗೆ ಹೋಗಲಿಲ್ಲ. ಎರಡು ಹಗ್ಗಗಳನ್ನು ಬೇರೆಬೇರೆಯಾಗಿ ಅಳೆದು, ಬೇರೆಬೇರೆ ರಾಟೆಗಳ ಮೇಲೆ ಬಿಟ್ಟು, ಎಳೆಯುವ ಬಲವನ್ನಷ್ಟೇ ಒಂದಾಗಿಸಿದರು.

ಒಂದೇ ಹಗ್ಗದ ರೀಫಿನಲ್ಲಿ ಆಗುವ ತೊಡಕು ಇದರ ತಿರುವುಮುರುವು. ಹಗ್ಗ ಬೂಮಿನ ಹಿಂತುದಿಯಿಂದ ಹೊರಟು ಹಿಂಅಂಚಿನ ಕಣ್ಣಿಗೇರಿ, ಇಳಿದು, ಬೂಮಿನುದ್ದಕ್ಕೂ ಮುಂದೆ ಬಂದು, ಮುಂಅಂಚಿನ ಕಣ್ಣಿಗೇರಿ, ಮತ್ತೆ ಇಳಿದು, ಕಂಬದ ಬುಡದ ರಾಟೆಯಲ್ಲಿ ತಿರುಗಿ ಕುಳಿತವನ ಕೈಗೆ ಬರುವಷ್ಟರಲ್ಲಿ ಆರು ಬಾರಿಯಾದರೂ ಬಾಗಿರುತ್ತದೆ. ಒಂದೊಂದು ತಿರುವಿನಲ್ಲಿ ನೂರಕ್ಕೆ 10ರಷ್ಟು ಬಲ ತಿಕ್ಕಾಟಕ್ಕೆ ಹೋಗುತ್ತದೆಂದು ಲೆಕ್ಕ ಹಿಡಿದರೆ, ಆರನೆಯ ತಿರುವಿನಾಚೆ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. ರಾಟೆಯಿಲ್ಲದ ಬರಿಯ ಲೋಹದ ಬಳೆಯ ಮೂಲಕ ಹಾಯ್ದರೆ ಅಷ್ಟೂ ಉಳಿಯುವುದಿಲ್ಲ. ನಷ್ಟವೆಲ್ಲ ದೂರದ ತುದಿಗೆ, ಎಂದರೆ ಹೆಚ್ಚು ಬಿಗಿ ಬೇಕಾದ ಹಿಂಅಂಚಿಗೇ ತಟ್ಟುತ್ತದೆ. ಮುಂದಿನ ಕಣ್ಣು ಮೊದಲು ಕೂತುಬಿಡುತ್ತದೆ, ಹಿಂದಿನದು ಅರ್ಧದಲ್ಲಿ ನಿಲ್ಲುತ್ತದೆ, ಎಳೆಯುವವನಿಗೆ ಹಗ್ಗ ಬಿಗಿಯಾದಂತೆ ಕಂಡು ಕೆಲಸ ಮುಗಿಯಿತೆಂಬ ಭ್ರಮೆ ಹುಟ್ಟುತ್ತದೆ. ಉದ್ದದ ಲೆಕ್ಕವೂ ಅನುಕೂಲಕರವಾಗಿಲ್ಲ: ಹಗ್ಗ ಕಣ್ಣಿಗೇರಿ ಇಳಿಯುವುದರಿಂದ 90 ಸೆಂಟಿಮೀಟರಿನ ರೀಫಿಗೆ ಒಂದು ಕಣ್ಣಿನ ಕಡೆಯಿಂದ 1.8 ಮೀಟರ್ ಹಗ್ಗ ಒಳಬರುತ್ತದೆ, ಎರಡೂ ಕಣ್ಣು ಸೇರಿದರೆ 3.6 ಮೀಟರ್. ಅಷ್ಟು ಹಗ್ಗ ಕಾಲ ಬುಡದಲ್ಲಿ ಸುರುಳಿಗಟ್ಟಿದಾಗ ಅದರೊಳಗೆ ಶೀಟ್ ಸಿಕ್ಕಿಕೊಂಡರೆ, ಮುಂದಿನ ಬೀಸಿಗೆ ಬಿಡಬೇಕಾದ ಹಗ್ಗವೇ ಬಿಡಲಾರದ ಹಗ್ಗವಾಗುತ್ತದೆ.

ಆದ್ದರಿಂದ ಐದಾರು ಮೀಟರ್ ಉದ್ದದ, ತೆರೆದ, ಸಣ್ಣ ದೋಣಿಗೆ ಮುಂಅಂಚಿಗೆ ಕೊಕ್ಕೆ ಅಥವಾ ಗಿಡ್ಡ ಹಗ್ಗ, ಹಿಂಅಂಚಿಗೆ ಪ್ರತ್ಯೇಕವಾದ ರೀಫ್ ಹಗ್ಗ ಎಂಬ ಹಳೆಯ ಜೋಡಿ ಏರ್ಪಾಟೇ ಮೇಲು ಎಂದು ಹೇಳಬೇಕಾಗುತ್ತದೆ. ಎಲ್ಲ ಹಗ್ಗಗಳನ್ನೂ ಕೂರುವ ಗುಂಡಿಗೆ ತರುವುದೇ ಸುರಕ್ಷತೆ ಎಂಬ ಮಾತು ಹತ್ತು ಮೀಟರಿನ ಸಮುದ್ರದೋಣಿಗೆ ಸಲ್ಲುತ್ತದೆ, ಏಕೆಂದರೆ ಅಲ್ಲಿ ಕಂಬದ ಬಳಿಗೆ ಹೋಗುವುದೆಂದರೆ ಅಲೆ ಹೊಡೆಯುವ ಒದ್ದೆ ಅಟ್ಟದ ಮೇಲೆ ನಡೆಯುವುದು. ಸಣ್ಣ ದೋಣಿಯಲ್ಲಿ ಕಂಬವಿರುವುದು ಒಂದು ಚಾಚಿನ ದೂರದಲ್ಲಿ. ಅಲ್ಲಿ ಕೇಳಬೇಕಾದ ಪ್ರಶ್ನೆ ಹಗ್ಗ ಎಲ್ಲಿಗೆ ಬರುತ್ತದೆ ಎಂಬುದಲ್ಲ, ಹ್ಯಾಲಿಯಾರ್ಡೂ ಕೊಕ್ಕೆಯೂ ರೀಫ್ ಹಗ್ಗವೂ ಒಂದೇ ಕಡೆ ಕೈಗೆ ಸಿಗುತ್ತವೆಯೇ ಎಂಬುದು. ಹ್ಯಾಲಿಯಾರ್ಡನ್ನು ಗುಂಡಿಗೆ ತಂದು ಕೊಕ್ಕೆಯನ್ನು ಕಂಬದಲ್ಲೇ ಬಿಟ್ಟರೆ, ಒಬ್ಬನೇ ಇರುವ ನಾವಿಕ ಇಳಿಸಲು ಹಿಂದಕ್ಕೆ, ಸಿಕ್ಕಿಸಲು ಮುಂದಕ್ಕೆ, ಬಿಗಿಯಲು ಮತ್ತೆ ಹಿಂದಕ್ಕೆ ಓಡಾಡಬೇಕಾಗುತ್ತದೆ. ಅರ್ಧ ಆಧುನಿಕ, ಅರ್ಧ ಹಳತಾದ ಇಂಥ ಏರ್ಪಾಟು ಎರಡಕ್ಕಿಂತಲೂ ಕೆಟ್ಟದ್ದು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬೂಮನ್ನೇ ತಿರುಗಿಸಿ ಹಾಯಿಯನ್ನು ಅದರ ಸುತ್ತ ಸುತ್ತುವ ವಿಧಾನ ಬಹಳ ಪ್ರಚಾರದಲ್ಲಿತ್ತು. ಸುತ್ತಿದ ಹಾಯಿ ಸುಕ್ಕುಗಟ್ಟುತ್ತದೆ, ಬೂಮಿನ ತುದಿ ಜೋತುಬೀಳುತ್ತದೆ, ಕಿಕರ್ ಕಟ್ಟಲು ಜಾಗವೇ ಉಳಿಯುವುದಿಲ್ಲ ಎಂಬ ಅನುಭವದ ಮೇಲೆ ಲೋಕ ಮತ್ತೆ ಮಡಿಸಿ ಕಟ್ಟುವ ವಿಧಾನಕ್ಕೆ ಮರಳಿತು. ಹೊಸತೆಲ್ಲ ಮುನ್ನಡೆಯಲ್ಲ ಎಂಬುದಕ್ಕೆ ಹಾಯಿದೋಣಿಯ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಹಗ್ಗದ ಆಯ್ಕೆ ಮತ್ತು ನಿರ್ವಹಣೆಯ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ರೀಫಿಗೂ ಹ್ಯಾಲಿಯಾರ್ಡಿಗೂ ಹಿಗ್ಗದ ಹಗ್ಗ ಬೇಕು, ಅದಕ್ಕೆ ಪಾಲಿಯೆಸ್ಟರ್ ಸಾಕು. ನೈಲಾನ್ ಹಿಗ್ಗುವುದರಿಂದ ಲಂಗರಿಗೆ ಒಳ್ಳೆಯದು, ಇಲ್ಲಿಗೆ ಸಲ್ಲದು. ಹಳ್ಳಿಗಳಲ್ಲಿ ಬಳಕೆಯಲ್ಲಿದ್ದ ಕತ್ತಾಳೆ ನಾರಿನ ಹಗ್ಗ ನೆನೆದಾಗ ಗಡುಸಾಗಿ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಲಕ್ಕೆ 5 ಮಿಲಿಮೀಟರ್ ದಪ್ಪ ಸಾಕಾದರೂ ಒದ್ದೆ ಕೈಗೆ ಹಿಡಿತ ಸಿಗಲು 6ರಿಂದ 8 ಮಿಲಿಮೀಟರ್ ಇರಬೇಕು. ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣ ಇರಲಿ. ಹ್ಯಾಲಿಯಾರ್ಡಿನಲ್ಲಿ ರೀಫಿನ ಮಟ್ಟ ಬರುವ ಜಾಗದಲ್ಲಿ ದಪ್ಪ ದಾರ ಸುತ್ತಿ ಹೊಲಿದರೆ, ನೋಟ ಹಾಯಿಯ ಮೇಲಿದ್ದರೂ ಎಷ್ಟು ಬಿಡಬೇಕೆಂಬುದನ್ನು ಬೆರಳೇ ಹೇಳುತ್ತದೆ. ಹತ್ತು ನಿಮಿಷದ ಈ ಹೊಲಿಗೆ ದುಬಾರಿ ರಾಟೆಗಿಂತ ಹೆಚ್ಚು ಉಪಕಾರಿ. ಹಗ್ಗವನ್ನು ಸುತ್ತಿ ಬಿಗಿಯುವ ಎರಡು ಕೊಂಬಿನ ಗೂಟಕ್ಕೆ ಕ್ಲೀಟ್ ಎನ್ನುತ್ತಾರೆ. ಅದಕ್ಕೆ ಮೊದಲು ಬುಡದಲ್ಲಿ ಒಂದು ಪೂರ್ಣ ಸುತ್ತು, ಬಳಿಕ ಎಂಟರ ಆಕಾರದಲ್ಲಿ ಒಂದೆರಡು ಸುತ್ತು ಹಾಕಿದರೆ ಭಾರವಿರುವಾಗಲೂ ಸಲೀಸಾಗಿ ಬಿಚ್ಚಬಹುದು. ಹ್ಯಾಲಿಯಾರ್ಡಿನ ಮಿಕ್ಕ ಉದ್ದವನ್ನು ಗಂಟಾಗದಂತೆ ಮಡಿಕೆ ಮಡಿಕೆಯಾಗಿ ಜೋಡಿಸಿಡಬೇಕು, ಏಕೆಂದರೆ ಅದು ಹಾಯಿಯನ್ನು ತಟ್ಟನೆ ಪೂರ್ತಿ ಇಳಿಸಬೇಕಾದಾಗ ತಡೆಯಿಲ್ಲದೆ ಓಡಬೇಕಾದ ಹಗ್ಗ. ದೊಡ್ಡ ಹಾಯಿಯ ಶೀಟನ್ನಂತೂ ಬೀಸುಗಾಳಿಯಲ್ಲಿ ಎಲ್ಲಿಯೂ ಕಟ್ಟಬಾರದು, ಕೈಯಲ್ಲೇ ಹಿಡಿದಿರಬೇಕು.

ಕಾವೇರಿ ಕಣಿವೆಯ ಜಲಾಶಯಗಳಲ್ಲಿ ಈ ವಿಷಯಕ್ಕೆ ಬೇರೆಯದೇ ತುರ್ತು ಇದೆ. ನೈರುತ್ಯ ಮಾರುತದ ಆಷಾಢದ ಗಾಳಿ ಬಲವಾಗಿ ಬೀಸುವ ತಿಂಗಳುಗಳಲ್ಲೇ ಕನ್ನಂಬಾಡಿಗೂ ಕಬಿನಿಗೂ ನೀರು ಬರುತ್ತದೆ; ನೀರು ಹರಡಿ ದೋಣಿಗೆ ವಿಶಾಲವಾದ ಜಾಗ ಸಿಗುವ ಹೊತ್ತು ಮತ್ತು ಗಾಳಿ ಮೀರುವ ಹೊತ್ತು ಒಂದೇ. ಕರಾವಳಿಯ ಹಾಯಿನೌಕೆಗಳು ಮಳೆಗಾಲದಲ್ಲಿ ದಡ ಸೇರುತ್ತಿದ್ದವು, ಈಗಲೂ ಯಾಂತ್ರಿಕ ಮೀನುಗಾರಿಕೆಗೆ ಜೂನ್, ಜುಲೈ ತಿಂಗಳುಗಳಲ್ಲಿ ನಿಷೇಧವಿದೆ. ಒಳನಾಡಿನ ಕ್ರೀಡಾದೋಣಿಗೆ ಅಂಥ ಋತುವಿರಾಮದ ಸಂಪ್ರದಾಯ ಬೆಳೆದಿಲ್ಲ. ಬೆಟ್ಟಗಳ ಮಗ್ಗುಲಲ್ಲಿ ಗಾಳಿ ಒಂದೇ ಸಮನೆ ಬೀಸದೆ, ಕಣಿವೆಗಳಿಂದ ಒಮ್ಮೆಲೇ ನುಗ್ಗಿ ಒಮ್ಮೆಲೇ ಅಡಗುವುದರಿಂದ, ಸರಾಸರಿ ವೇಗ ನೋಡಿ ಹಾಯಿಯ ಅಳತೆ ನಿರ್ಧರಿಸುವುದು ತಪ್ಪಾಗುತ್ತದೆ. ಬೀಸಿನ ತುದಿವೇಗಕ್ಕೆ ತಕ್ಕಂತೆ ನಿರ್ಧರಿಸಬೇಕು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಮುಂಚಿನ ಧೂಳುಗಾಳಿಯದು ಬೇರೆ ಜಾತಿ. ಕರಿಮೋಡದ ಬುಡದಿಂದ ತಂಪುಗಾಳಿ ಹೊರಟದ್ದು ತಿಳಿಯುವಷ್ಟರಲ್ಲಿ ಅದು ದೋಣಿಯ ಮೇಲಿರುತ್ತದೆ, ಅದಕ್ಕೆ ರೀಫ್ ಉತ್ತರವಲ್ಲ. ಹಾಯಿಯನ್ನು ಪೂರ್ತಿ ಇಳಿಸುವುದೇ ಉತ್ತರ.

ರೀಫಿನ ಅಭ್ಯಾಸ ಕಲಿಯುವವರನ್ನು ಪುಕ್ಕಲರನ್ನಾಗಿಸುತ್ತದೆ, ಮೈತೂಕವನ್ನು ಹೊರಚಾಚಿ ದೋಣಿಯನ್ನು ನೆಟ್ಟಗಿಡುವ ಕೌಶಲ ಬೆಳೆಯಲು ಬಿಡುವುದಿಲ್ಲ, ಸ್ಪರ್ಧೆಯಲ್ಲಿ ವೇಗ ಕಳೆಯುತ್ತದೆ ಎಂಬ ಆಕ್ಷೇಪವಿದೆ. ಮೈತೂಕದ ಕೌಶಲ ಬೇಕೇ ಬೇಕು ಎಂಬುದನ್ನು ಒಪ್ಪಬಹುದು. ವೇಗದ ಮಾತು ಮಾತ್ರ ನಿಲ್ಲುವುದಿಲ್ಲ. ಮೀರಿದ ಹಾಯಿಯಿಂದ ವಾಲಿದ ದೋಣಿ ಗಾಳಿಯತ್ತ ತಿರುಗಲು ಹವಣಿಸುತ್ತದೆ, ಅದನ್ನು ತಡೆಯಲು ಚುಕ್ಕಾಣಿಯನ್ನು ಓರೆಯಾಗಿ ಹಿಡಿಯಬೇಕಾಗುತ್ತದೆ, ಓರೆಯಾದ ಚುಕ್ಕಾಣಿ ನೀರಿನಲ್ಲಿ ಬಿರಿಯಾಗಿ ವರ್ತಿಸುತ್ತದೆ, ವಾಲಿದ ನೀರೊಳಗಿನ ಹಲಗೆಯ ಹಿಡಿತ ತಪ್ಪಿ ದೋಣಿ ಅಡ್ಡಕ್ಕೆ ಜಾರುತ್ತದೆ. ಒಂದು ಮಿತಿಯಾಚೆಗೆ ಸಣ್ಣ ಹಾಯಿಯ ದೋಣಿಯೇ ಮುಂದಾಗುತ್ತದೆ. ಒಲಿಂಪಿಕ್ಸ್‌ನಲ್ಲೂ ಓಡುವ ಐಎಲ್‌ಸಿಎ ವರ್ಗದ ಒಂಟಿದೋಣಿಗೆ 7.06, 5.76 ಮತ್ತು 4.7 ಚದರ ಮೀಟರಿನ ಮೂರು ಹಾಯಿಗಳಿವೆ; ಒಂದೇ ಒಡಲಿಗೆ ಓಡಿಸುವವರ ಮೈತೂಕ ನೋಡಿ ಹಾಯಿ ಆರಿಸುವ ಈ ಪದ್ಧತಿಯನ್ನು ಯಾರೂ ಪುಕ್ಕಲುತನವೆಂದು ಕರೆದದ್ದಿಲ್ಲ.

ಹೊಗೇನಕಲ್ಲಿನ ತೆಪ್ಪಗಳಿಗೆ ಹರಿವಿನ ಮಟ್ಟ ಹೇಗೋ ಹಾಗೆ ಹಾಯಿದೋಣಿಗೂ ದಡದಲ್ಲೇ ಗೊತ್ತಾಗುವ ಗಡಿರೇಖೆ ಬೇಕು. ನೀರಿನ ಮೇಲೆ ಬೆಳ್ನೊರೆಯ ತಲೆಗಳು ಅಲ್ಲೊಂದು ಇಲ್ಲೊಂದು ಏಳತೊಡಗಿದರೆ ಹೊಸಬರು ರೀಫ್ ಹಾಕಿಯೇ ಹೊರಡಬೇಕು, ಎಲ್ಲೆಡೆ ಎದ್ದರೆ ಹೊರಡಬಾರದು ಎಂಬ ಸರಳ ನಿಯಮವಾದರೂ ಸಾಕು. ನಡುನೀರಿನಲ್ಲಿ ರೀಫ್ ಕಟ್ಟುವುದಕ್ಕಿಂತ ದಡದಲ್ಲಿ ಕಟ್ಟಿದ್ದನ್ನು ನಡುನೀರಿನಲ್ಲಿ ಬಿಚ್ಚುವುದು ಎಷ್ಟೋ ಸುಲಭ. ಲೈಫ್ ಜಾಕೆಟ್ ಇದೆಯೇ ಎಂದು ಕೇಳಿ ಸುಮ್ಮನಾಗುವ ಪರವಾನಗಿ ಪದ್ಧತಿಯು ಇನ್ನೂ ಒಂದು ಪರೀಕ್ಷೆಯನ್ನು ಸೇರಿಸಿಕೊಳ್ಳಬೇಕು: ದೋಣಿಯನ್ನು ಗಾಳಿಗೆ ಓರೆಯಾಗಿ ನಿಲ್ಲಿಸಿಕೊಂಡು, ಒಬ್ಬನೇ ವ್ಯಕ್ತಿ, ಚುಕ್ಕಾಣಿಯ ಹತೋಟಿ ಕಳೆದುಕೊಳ್ಳದೆ, ಮೂರು ನಿಮಿಷದೊಳಗೆ ರೀಫ್ ಹಾಕಿ ಮತ್ತೆ ಹೊರಡಲು ಸಾಧ್ಯವೇ ಎಂಬುದನ್ನು ಮೆಲುಗಾಳಿಯ ದಿನ ದಡದ ಸಮೀಪದಲ್ಲೇ ನೋಡಿಕೊಳ್ಳಬೇಕು. ಈ ಪರೀಕ್ಷೆಯಲ್ಲಿ ಸೋತ ದೋಣಿಯನ್ನು, ಅದರಲ್ಲಿ ಎಷ್ಟೇ ಬೆಲೆಯ ರಾಟೆಗಳಿದ್ದರೂ, ಆಷಾಢದಲ್ಲಿ ಯಾರಿಗೂ ಬಾಡಿಗೆಗೆ ಕೊಡಬಾರದು.